ಮೈನಸ್ 20ರಲ್ಲಿ ಭೂಶಾಖದ ಹೀಟ್ ಪಂಪ್: ಕೈಕೊಟ್ಟದ್ದು ಬೋರ್ ಅಲ್ಲ, ಗ್ಲೈಕಾಲ್

ಬೋರಿಗಿಳಿಸಿದ ಪೈಪಿನ ಸುತ್ತಿನಲ್ಲಿ (ಲೂಪ್) ದ್ರವ ಓಡಿಸಿ, ನೆಲದ ಶಾಖ ಎಳೆದು ಮನೆ ಕಾಯಿಸುವ ಯಂತ್ರವೇ ಭೂಶಾಖದ ಹೀಟ್ ಪಂಪ್. ಹೊರಗೆ ಮೈನಸ್ 20 ಇರುವಾಗ, ಬಿಸಿನೀರಿನ ಹಳೇ ರೇಡಿಯೇಟರ್ ಇರುವ ಮನೆಗೆ ಅದು ಸಾಲದು, ಬಾಯ್ಲರ್ ಕೀಳಬೇಡಿ ಅಂತ ಹೇಳದವರೇ ಇರಲಿಲ್ಲ. ಮೊದಲ ಚಳಿಗಾಲದಲ್ಲಿ ಅವರ ಮಾತೇ ನಿಜವಾಯಿತು. ಈಗ ಮೂರನೆಯದೂ ದಾಟಿದೆ, ಬಾಯ್ಲರ್ ಗುಜರಿ ಸೇರಿದೆ.

ಕಟ್ಟಡಕ್ಕೆ ಗರಿಷ್ಠ ಬೇಕಾದ ಶಾಖ ಸುಮಾರು 10 ಕಿಲೋವ್ಯಾಟ್, ಹಾಕಿದ್ದು 8ರ ಯಂತ್ರ. ಉಳಿದ 2ಕ್ಕೆ ವಿದ್ಯುತ್ ಕಾಯಿಲ್ ಇದೆ, ಅದು ಓಡುವುದು ವರ್ಷಕ್ಕೆ ಕೆಲವೇ ದಿನ. 10ರದ್ದೇ ಹಾಕಿದ್ದರೆ ಬೋರ್ ಇನ್ನೂ 40 ಮೀಟರ್ ಬೇಕಿತ್ತು, ಚಳಿ ಕಡಿಮೆಯಿದ್ದ ದಿನಗಳಲ್ಲಿ ಕಂಪ್ರೆಸರ್ ಸುಮ್ಮನೆ ಹತ್ತಿ ಆರಿ ಸವೆಯುತ್ತಿತ್ತು. 90 ಮೀಟರಿನ ಎರಡು ಬೋರ್, ನಡುವೆ 7 ಮೀಟರ್, ಪ್ರತಿಯೊಂದರಲ್ಲೂ ತಳಕ್ಕಿಳಿದು ತಿರುಗಿ ಮೇಲೆ ಬರುವ, 32 ಮಿ.ಮೀ. ಪಾಲಿಎಥಿಲೀನ್ (ಪಿಇ) ಪೈಪಿನ ಒಂದೇ ಯು. ಬೋರಿನ ಒಂದು ಮೀಟರಿಗೆ 32 ವ್ಯಾಟ್ ಆಸುಪಾಸು ಶಾಖ ಎಳೆಯುತ್ತೇವೆ. ಕೆಳಗೆ ಗಟ್ಟಿ ಕಲ್ಲಿತ್ತು. ಒಣ ಮರಳಾಗಿದ್ದರೆ ಇಷ್ಟು ಬರುತ್ತಿರಲಿಲ್ಲ.

ಒಟ್ಟು ದುಡ್ಡಿನಲ್ಲಿ ಹೆಚ್ಚುಕಡಿಮೆ ಅರ್ಧ ನೆಲದೊಳಗೇ ಹೋಯಿತು. ಆದರೂ ಗ್ರೌಟಿನಲ್ಲಿ, ಅಂದರೆ ಪೈಪಿನ ಸುತ್ತ ಬೋರಿಗೆ ತುಂಬುವ ಮಿಶ್ರಣದಲ್ಲಿ, ಉಳಿಸಲು ಹೋಗಬೇಡಿ. ಬೆಂಟೊನೈಟ್ ಎಂಬ ಉಬ್ಬುವ ಜೇಡಿಯನ್ನು ಮೇಲಿಂದ ಸುರಿದರೆ ನಡುವೆ ಎಲ್ಲೋ ಕಚ್ಚಿಕೊಂಡು ಕೆಳಗೆ ಪೊಳ್ಳು ಉಳಿಯುತ್ತದೆ. ತಳದವರೆಗೆ ಪೈಪ್ ಇಳಿಸಿ ಕೆಳಗಿಂದ ತುಂಬಿಸಿದೆವು; ಒಳಗೆ ಹೋದಷ್ಟೇ ಗಟ್ಟಿಯಾಗಿ ಬೋರಿನ ಬಾಯಿಗೆ ಬರುವ ತನಕ ಪಂಪ್ ನಿಲ್ಲಿಸಲಿಲ್ಲ. ಬಿರುಕುಗಳಿದ್ದ ಒಂದು ಬೋರ್ ಅಂದಾಜಿಗಿಂತ ಕಾಲುಭಾಗ ಹೆಚ್ಚೇ ನುಂಗಿತು.

ಮೊದಲ ಚಳಿಗಾಲದ ನಡುವೆ ದಿನಾ ಲೋ ಪ್ರೆಶರ್ ಟ್ರಿಪ್: ಒಳಗಿನ ಅನಿಲದ ಒತ್ತಡ ಕುಸಿದು ಯಂತ್ರ ತಾನೇ ನಿಲ್ಲುತ್ತಿತ್ತು. ಬೋರ್ ಸಾಲದು, ಮೂರನೆಯದು ಕೊರೆಸಿ ಅಂದರು. ಕೊರೆಸಿದ್ದರೆ ಅಷ್ಟೂ ದುಡ್ಡು ದಂಡ. ತಪ್ಪು ಎರಡಿದ್ದವು. ಹೆಪ್ಪುಗಟ್ಟೀತು ಎಂಬ ಭಯಕ್ಕೆ ಲೂಪಿನ ನೀರಿಗೆ ಹೆಪ್ಪುನಿರೋಧಕವಾದ ಪ್ರೊಪಿಲೀನ್ ಗ್ಲೈಕಾಲ್ 40% ಹಾಕಿದ್ದೆವು. ಸೊನ್ನೆ ಡಿಗ್ರಿಯ ಹತ್ತಿರ ಅದು ಎಣ್ಣೆಯ ಹಾಗೆ ದಪ್ಪ. ಪೈಪಿನೊಳಗೆ ಸುಳಿ ಏಳದೆ ಪದರಪದರವಾಗಿ ಜಾರುತ್ತದೆ, ಗೋಡೆಯ ಶಾಖ ನಡುವಿನ ದ್ರವಕ್ಕೆ ತಲುಪುವುದಿಲ್ಲ. ಲೂಪಿನಲ್ಲಿ 220 ಲೀಟರ್ ಇತ್ತು. 80 ಲೀಟರ್ ತೆಗೆದು ಅಷ್ಟೇ ಮೆದುನೀರು ಸೇರಿಸಿ 25%ಕ್ಕೆ ತಂದೆವು. ಮೈನಸ್ 10ರವರೆಗೆ ಅದು ತಡೆಯುತ್ತದೆ; ಲೂಪ್ ಇರುವುದು ನೆಲದೊಳಗೆ, ಅದಕ್ಕಿಂತ ಹೆಚ್ಚು ಬೇಕಾಗಿಲ್ಲ. ನೀರು ಬೆರೆಸಿದಾಗ ತುಕ್ಕುನಿರೋಧಕವೂ ತೆಳುವಾಗುತ್ತದೆ, ಅದನ್ನು ಬೇರೆಯಾಗಿ ಹಾಕಬೇಕು.

ಇನ್ನೊಂದು ತಪ್ಪು ಪೈಪಿನೊಳಗೆ ಉಳಿದಿದ್ದ ಗಾಳಿ. ಯಂತ್ರದೊಳಗಿನ ಪುಟ್ಟ ಪಂಪಿಗೆ ಬೋರಿನ ಗಾಳಿ ಹೊರಹಾಕುವ ತಾಕತ್ತಿಲ್ಲ. ದ್ರವ ಸೆಕೆಂಡಿಗೆ 0.6 ಮೀಟರ್ ಆದರೂ ಓಡಬೇಕು, ಈ ಪೈಪಿನಲ್ಲಿ ಅಂದರೆ ನಿಮಿಷಕ್ಕೆ 20 ಲೀಟರ್. ತೆರೆದ ಡ್ರಮ್ಮು, ಒಂದೂವರೆ ಎಚ್‌ಪಿ ಪಂಪ್ ಇಟ್ಟು, ಒಂದು ಬೋರ್ ಮುಚ್ಚಿ ಇನ್ನೊಂದರಲ್ಲಿ 25 ಲೀಟರಿನಂತೆ ಓಡಿಸಿದೆವು. ಒಂದು ಸುತ್ತಿಗೇ ನಾಲ್ಕು ನಿಮಿಷ ಬೇಕು. ಗುಳ್ಳೆ ನಿಂತಿತು ಅಂತ ಪಂಪ್ ಆರಿಸಬೇಡಿ, ಇನ್ನರ್ಧ ಗಂಟೆ ಬಿಡಿ. ಕೊನೆಯ ಗುಳ್ಳೆ ಎಬ್ಬಿಸಲು ವಾಲ್ವ್‌ಗಳನ್ನು ಆಡಿಸುವ ಒಂದು ಕ್ರಮವಿದೆ, ಅದು ನನ್ನ ಹತ್ತಿರವೇ ಇರಲಿ. ಆಮೇಲೆ ಲೂಪಿನ ಸ್ಟ್ರೈನರ್ (ಕಸ ಹಿಡಿಯುವ ಜಾಲರಿ) ಬಿಚ್ಚಿದರೆ ಅಂಗೈ ತುಂಬ ಕಲ್ಲುಪುಡಿ!

ಇದಾದ ಮೇಲೆ ಕಡುಚಳಿಯಲ್ಲೂ ಬೋರಿನಿಂದ ಬರುವ ದ್ರವ ಪ್ಲಸ್ 1ಕ್ಕಿಂತ ಇಳಿಯಲಿಲ್ಲ.

ರೇಡಿಯೇಟರಿಗೆ 60 ಡಿಗ್ರಿ ಬೇಕಿದ್ದಲ್ಲಿ ಈಗ 42 ಸಾಕು. ಅದಕ್ಕಾಗಿ ರೇಡಿಯೇಟರ್ ಪ್ಯಾನೆಲ್‌ಗಳ ಮೇಲ್ಮೈ ಎರಡು ಪಟ್ಟು ಮಾಡಿದೆವು. ಒಂದು ಡಿಗ್ರಿ ಇಳಿಸಿದರೆ ಕರೆಂಟು ನೂರಕ್ಕೆ ಎರಡು ಮೂರು ಪಾಲು ಉಳಿಯುತ್ತದೆ; ಯಂತ್ರಕ್ಕಿಂತ ಇಲ್ಲಿ ಹಾಕಿದ ದುಡ್ಡು ಬೇಗ ಹಿಂದೆ ಬಂತು. ರಾತ್ರಿ ತಾಪ ತಗ್ಗಿಸುವ ಚಟ ಬಿಡಿ. ಬೆಳಗ್ಗೆ ಮೇಲೇರಿಸಲು ಕಾಯಿಲ್ ಹತ್ತಿಕೊಂಡು ಉಳಿದದ್ದನ್ನೆಲ್ಲ ತಿನ್ನುತ್ತದೆ. ನಮ್ಮ ಮೀಟರ್ ಪ್ರಕಾರ ಒಂದು ಯೂನಿಟ್ ಕರೆಂಟಿಗೆ 3.4 ಯೂನಿಟ್ ಶಾಖ.

ಬೇಸಿಗೆಯಲ್ಲಿ ಒಂದು ಪ್ರಯೋಗವೂ ಆಯಿತು. ಕಂಪ್ರೆಸರ್ ಆರಿಸಿ ಲೂಪಿನ ದ್ರವವನ್ನು ನೇರ ಫ್ಯಾನ್ ಕಾಯಿಲ್‌ಗೆ (ಪೈಪಿನ ಸುರುಳಿಯ ಮೇಲೆ ಗಾಳಿ ಊದುವ ಘಟಕ) ಹರಿಸಿದೆವು. ಕೋಣೆ ತಣ್ಣಗಾಯಿತು, ಹೀಟಿಂಗ್ ಶುರುವಾದಾಗ ಬೋರ್ ಒಂದು ಡಿಗ್ರಿ ಬೆಚ್ಚಗಿತ್ತು. ನಡುಚಳಿಗಾಲದ ಹೊತ್ತಿಗೆ ಆ ಲಾಭ ಮಾಯ. ರಬ್ಬರ್ ಹೊದಿಕೆ ಸರಿಯಾಗಿ ಅಂಟಿಸದ ಕಡೆಯೆಲ್ಲ ಪೈಪ್ ಬೆವೆತು ಗೋಡೆಗೆ ಬೂಷ್ಟು ಹಿಡಿದದ್ದು ಮಾತ್ರ ಹಾಗೇ ಇದೆ.