ನನ್ನ ಫಾಸ್ಟ್‌ಎಪಿಐ ಟೆಂಪ್ಲೇಟಿನಲ್ಲಿ ಏನಿದೆ, ಏನಿಲ್ಲ

ಜಯನಗರದ ನಮ್ಮ ಚಿಕ್ಕ ಟೀಮಿಗೆ ಬರುವ ಕೆಲಸ ಹೆಚ್ಚುಕಮ್ಮಿ ಒಂದೇ ಥರದ್ದು. ಅಪಾರ್ಟ್‌ಮೆಂಟಿಗೆ ನೀರಿನ ಟ್ಯಾಂಕರ್ ಬುಕ್ ಮಾಡುವ ಆ್ಯಪ್, ಕ್ಲಿನಿಕ್ಕಿನ ಟೋಕನ್, ಪಿಜಿಗಳ ಬಾಡಿಗೆ ಲೆಕ್ಕ. ಮುಂದೆ ಕಾಣುವ ಪರದೆ ಬೇರೆ ಬೇರೆ, ಹಿಂದೆ ಓಡುವುದು ಮಾತ್ರ ಪೈಥಾನಿನಲ್ಲಿ ಸರ್ವರ್ ಬರೆಯಲು ಅದೇ ಫಾಸ್ಟ್‌ಎಪಿಐ, ಡೇಟಾಬೇಸಿನ ಜೊತೆ ಮಾತಾಡಲು ಅದೇ ಎಸ್‌ಕ್ಯೂಎಲ್‌ಆಲ್ಕೆಮಿ, ಡೇಟಾಬೇಸಾಗಿ ಅದೇ ಪೋಸ್ಟ್‌ಗ್ರೆಸ್. ಪ್ರತಿ ಸಲ ಹಳೆ ಪ್ರಾಜೆಕ್ಟಿನಿಂದ ಫೈಲು ಕಾಪಿ ಮಾಡುವುದು ಸಾಕಾಗಿ ಒಂದು ಟೆಂಪ್ಲೇಟ್ ಮಾಡಿಟ್ಟುಕೊಂಡೆ.

ಅದಕ್ಕೆ ಏನು ಸೇರಬೇಕು ಅನ್ನುವುದಕ್ಕೆ ನನ್ನದು ಒಂದೇ ನಿಯಮ. ತಪ್ಪಾದರೆ ಬರೆದ ದಿನ ಗೊತ್ತಾಗದೆ, ಜನ ಜಾಸ್ತಿ ಬಂದ ದಿನ ಕೈಕೊಡುವಂಥದ್ದು ಮಾತ್ರ ಒಳಗೆ. ಉಳಿದದ್ದೆಲ್ಲ ಆಯಾ ಪ್ರಾಜೆಕ್ಟಿನವರ ಪಾಲಿಗೆ.

ಹಾಗಾಗಿ ಹೆಚ್ಚು ಗಮನ ಹೋಗಿದ್ದು ಡೇಟಾಬೇಸ್ ಕಡೆಗೆ. ಡೇಟಾಬೇಸ್ ಕನೆಕ್ಷನ್‌ಗಳನ್ನು ನೋಡಿಕೊಳ್ಳುವ ಎಂಜಿನ್ ಒಂದೇ, ಸರ್ವರ್ ಶುರುವಾಗುವಾಗ ಹುಟ್ಟುತ್ತದೆ, ನಿಲ್ಲುವಾಗ ಮುಚ್ಚುತ್ತದೆ. ಓದು-ಬರಹ ನಡೆಸುವ ಸೆಷನ್ ಮಾತ್ರ ಪ್ರತಿ ರಿಕ್ವೆಸ್ಟಿಗೂ ಹೊಸದು. ಕಮಿಟ್ (ಬದಲಾವಣೆ ಖಾಯಂ ಮಾಡುವುದು) ಆದ ಮೇಲೆ ಆಬ್ಜೆಕ್ಟುಗಳ ಮೌಲ್ಯ ಹಳತಾಯಿತು ಅಂದುಕೊಳ್ಳುವ ಡಿಫಾಲ್ಟನ್ನು ಆಫ್ ಮಾಡಿದ್ದೇನೆ. ಅದು ಆನ್ ಇದ್ದರೆ, ಕಮಿಟ್ ಮಾಡಿ ಸುಮ್ನೆ ಒಂದು ಹೆಸರು ಓದಲು ಹೋದರೂ ಎಸ್‌ಕ್ಯೂಎಲ್‌ಆಲ್ಕೆಮಿ ಮತ್ತೆ ಡೇಟಾಬೇಸಿಗೆ ಓಡಲು ನೋಡುತ್ತದೆ, ಅವೈಟ್ (ಉತ್ತರಕ್ಕೆ ಕಾಯುವ ಸೂಚನೆ) ಇಲ್ಲದ ಜಾಗದಲ್ಲಿ ಅದು ಆಗುವುದಿಲ್ಲ, ಮಿಸ್ಸಿಂಗ್‌ಗ್ರೀನ್‌ಲೆಟ್ ಎಂಬ ಎರರ್ ಬರುತ್ತದೆ. ರಿಲೇಷನ್‌ಶಿಪ್‌ಗಳಿಗೂ (ಟೇಬಲ್ಲುಗಳ ನಡುವಿನ ಕೊಂಡಿ) ಲೇಜಿ ಲೋಡಿಂಗ್, ಅಂದರೆ ಮುಟ್ಟಿದಾಗ ತಾನೇ ಹೋಗಿ ತರುವುದು, ಇಲ್ಲ, ಎಲ್ಲಕ್ಕೂ 'ರೈಸ್' (ಎರರ್ ಕೊಡು) ಅಂತಲೇ ಇಟ್ಟಿದ್ದೇನೆ. ಬೇಕಾದ್ದನ್ನು ಕ್ವೆರಿಯಲ್ಲೇ ಕೇಳಿ ತರಬೇಕು. ಮರೆತರೆ ಯಾವ ರಿಲೇಷನ್‌ಶಿಪ್ ಅಂತ ಹೆಸರಿನ ಸಮೇತ ಎರರ್ ಸಿಗುತ್ತದೆ.

ಆಮೇಲೆ ಕನೆಕ್ಷನ್ ಲೆಕ್ಕ. ಇದನ್ನು ಎಷ್ಟು ಹೇಳಿದರೂ ಕಡಿಮೆಯೇ. ಎಸ್‌ಕ್ಯೂಎಲ್‌ಆಲ್ಕೆಮಿಯ ಪೂಲ್, ಅಂದರೆ ತೆರೆದಿಟ್ಟುಕೊಳ್ಳುವ ಕನೆಕ್ಷನ್‌ಗಳು, ಡಿಫಾಲ್ಟಾಗಿ 5, ಒತ್ತಡ ಬಂದರೆ ಇನ್ನೂ 10, ಒಟ್ಟು 15. ಇದು ಒಂದು ಪ್ರೋಸೆಸ್ಸಿಗೆ. 4 ವರ್ಕರ್, ಅಂದರೆ ಅಂಥ 4 ಪ್ರೋಸೆಸ್, ಓಡಿಸಿದರೆ 60. ಹೊಸ ಆವೃತ್ತಿ ಹಾಕುವಾಗ ಹಳೆಯದೂ ಹೊಸದೂ ಸ್ವಲ್ಪ ಹೊತ್ತು ಒಟ್ಟಿಗೆ ಓಡುತ್ತವಲ್ವಾ, ಆಗ 120. ಪೋಸ್ಟ್‌ಗ್ರೆಸ್ ಡಿಫಾಲ್ಟಾಗಿ ಕೊಡುವುದೇ 100, ಅದರಲ್ಲೂ 3 ಸೂಪರ್‌ಯೂಸರ್‌ಗೆ ಮೀಸಲು. ಅದಕ್ಕೇ ಟೆಂಪ್ಲೇಟಿನಲ್ಲಿ ಈ ಸಂಖ್ಯೆಗಳೆಲ್ಲ ಸೆಟ್ಟಿಂಗ್ಸಿನಲ್ಲಿ ಒಂದೇ ಕಡೆ ಇವೆ, ಸರ್ವರ್ ಏಳುವಾಗ ಗುಣಿಸಿ ಲಾಗಿನಲ್ಲಿ ಒಂದು ಸಾಲು ಬರೆಯುತ್ತದೆ, ಮಿತಿ ದಾಟಿದರೆ ಏಳುವುದೇ ಇಲ್ಲ.

ಇದಕ್ಕೆ ಅಂಟಿಕೊಂಡ ಇನ್ನೊಂದು ವಿಷಯ: ಸೆಷನ್ ಮೊದಲ ಕ್ವೆರಿಗೆ ಕನೆಕ್ಷನ್ ಹಿಡಿಯುತ್ತದೆ, ಕಮಿಟ್, ರೋಲ್‌ಬ್ಯಾಕ್ (ಬದಲಾವಣೆ ರದ್ದು) ಅಥವಾ ಕ್ಲೋಸ್ ಆಗುವವರೆಗೂ ಬಿಡುವುದಿಲ್ಲ. ಬುಕಿಂಗ್ ಓದಿಕೊಂಡು, ಹಾಗೆಯೇ ಪೇಮೆಂಟ್ ಗೇಟ್‌ವೇಗೆ ಕಾಯುತ್ತಾ ಕೂತರೆ, ಆ ಕನೆಕ್ಷನ್ ಅಷ್ಟು ಹೊತ್ತು ಯಾರಿಗೂ ಇಲ್ಲ. ಪೂಲ್ ಖಾಲಿಯಾದರೆ ಮುಂದಿನವರು 30 ಸೆಕೆಂಡ್ ಕಾದು ಟೈಮ್‌ಔಟ್ ಪಡೆಯುತ್ತಾರೆ. ಆದ್ದರಿಂದ ಟೆಂಪ್ಲೇಟಿನ ಮಾದರಿ ಎಂಡ್‌ಪಾಯಿಂಟೇ (ರಿಕ್ವೆಸ್ಟಿಗೆ ಉತ್ತರ ಕೊಡುವ ಫಂಕ್ಷನ್) ಹೀಗಿದೆ: ಓದು, ಕಮಿಟ್ ಮಾಡು, ಹೊರಗಿನವರನ್ನು ಕರೆ, ಮತ್ತೆ ಬಂದು ಬರೆ.

ಎರಡನೇ ದೊಡ್ಡ ವಿಷಯ, ಇವೆಂಟ್ ಲೂಪನ್ನು, ಅಂದರೆ ಒಂದೇ ಪ್ರೋಸೆಸ್ಸಿನಲ್ಲಿ ಹಲವು ರಿಕ್ವೆಸ್ಟುಗಳನ್ನು ಸರದಿಯಲ್ಲಿ ನಡೆಸುವ ಚಕ್ರವನ್ನು, ತಡೆದು ನಿಲ್ಲಿಸುವ ಕೋಡ್. ಎಷ್ಟೋ ಎಸ್ಸೆಮ್ಮೆಸ್ ಲೈಬ್ರರಿಗಳು ಒಳಗೆ ಇನ್ನೂ 'ರಿಕ್ವೆಸ್ಟ್ಸ್' ಎಂಬ, ಉತ್ತರ ಬರುವವರೆಗೆ ಎಲ್ಲವನ್ನೂ ನಿಲ್ಲಿಸಿ ಕಾಯುವ ಪೈಥಾನ್ ಲೈಬ್ರರಿ ಬಳಸುತ್ತವೆ. ಅದನ್ನು ಅಸಿಂಕ್ ಫಂಕ್ಷನ್ನಿನಲ್ಲಿ (ಲೂಪಿನ ಮೇಲೆಯೇ ಓಡುವಂಥದ್ದು) ಕರೆದರೆ, ಆ ಗೇಟ್‌ವೇ ಉತ್ತರ ಕೊಡುವವರೆಗೆ ಆ ಪ್ರೋಸೆಸ್ಸಿನ ಬೇರೆ ಯಾವ ರಿಕ್ವೆಸ್ಟೂ ಮುಂದೆ ಹೋಗುವುದಿಲ್ಲ. ವಿಚಿತ್ರ ಅಂದರೆ, ಅಸಿಂಕ್ ಅಂತ ಬರೆಯದೆ ಸಾದಾ ಫಂಕ್ಷನ್ ಬರೆದಿದ್ದರೆ ಫಾಸ್ಟ್‌ಎಪಿಐ ಅದನ್ನು ಥ್ರೆಡ್ ಪೂಲಿಗೆ ಹಾಕುತ್ತಿತ್ತು, ಡಿಫಾಲ್ಟಾಗಿ 40 ಥ್ರೆಡ್ ಇರುತ್ತವೆ. ಎಲ್ಲಕ್ಕೂ ಅಸಿಂಕ್ ಅಂಟಿಸಿದರೆ ವೇಗ ಬರುತ್ತದೆ ಅನ್ನುವ ನಂಬಿಕೆಯನ್ನು ನಮ್ಮ ಟೀಮಿನಲ್ಲಿ ಹಟ ಹಿಡಿದು ಬಿಡಿಸಿದ್ದೇನೆ. ಕೋಡ್ ಓದಿ ತಪ್ಪು ಹುಡುಕುವ ರಫ್‌ ಎಂಬ ಟೂಲಿನಲ್ಲಿ ಅಸಿಂಕ್ ನಿಯಮಗಳು ಆನ್ ಇವೆ, ಸ್ಲೀಪ್, ರಿಕ್ವೆಸ್ಟ್ಸ್ ನೇರವಾಗಿ ಸಿಕ್ಕಿದರೆ ಅಲ್ಲೇ ಹಿಡಿಯುತ್ತದೆ. ಲೈಬ್ರರಿಯೊಳಗೆ ಅಡಗಿದ್ದು ಅದಕ್ಕೆ ಕಾಣದು. ಅದಕ್ಕೆ ನಮ್ಮ ಲ್ಯಾಪ್‌ಟಾಪುಗಳಲ್ಲಿ ಅಸಿಂಕ್‌ಐಒ (ಪೈಥಾನಿನ ಇವೆಂಟ್ ಲೂಪ್ ಲೈಬ್ರರಿ) ಡೀಬಗ್ ಮೋಡ್ ಓಡುತ್ತದೆ, 100 ಮಿಲಿಸೆಕೆಂಡಿಗಿಂತ ಜಾಸ್ತಿ ಲೂಪ್ ಹಿಡಿದವರ ಹೆಸರು ಲಾಗಿನಲ್ಲಿ ಬೀಳುತ್ತದೆ.

ಟೆಸ್ಟುಗಳು ಡಾಕರ್‌ನಲ್ಲಿರುವ ನಿಜವಾದ ಪೋಸ್ಟ್‌ಗ್ರೆಸ್ ಮೇಲೇ ಓಡುತ್ತವೆ, ಪ್ರತಿ ಟೆಸ್ಟಿನ ಕೊನೆಗೆ ರೋಲ್‌ಬ್ಯಾಕ್. ಒಂದೇ ಫೈಲಿನಲ್ಲಿ ಓಡುವ ಪುಟ್ಟ ಡೇಟಾಬೇಸ್ ಎಸ್‌ಕ್ಯೂಲೈಟ್ ಬೇಡ, ಅದರ ಲಾಕಿಂಗ್ ನಡತೆಯೇ ಬೇರೆ.

"ಅಕ್ಕ, ಇದರಲ್ಲಿ ಲಾಗಿನ್ನೇ ಇಲ್ವಲ್ಲ?" ಅಂತ ಹೊಸದಾಗಿ ಸೇರಿದ ಹುಡುಗ ಕೇಳಿದ. ಬೇಕಂತಲೇ ಇಟ್ಟಿಲ್ಲ. ಟ್ಯಾಂಕರ್ ಆ್ಯಪಿಗೆ ಫೋನ್ ಓಟಿಪಿ, ಕ್ಲಿನಿಕ್ಕಿಗೆ ಸಿಬ್ಬಂದಿಯ ಪಾಸ್‌ವರ್ಡ್, ಇನ್ನೊಬ್ಬರಿಗೆ ಅವರ ಕಂಪನಿಯದೇ ಲಾಗಿನ್. ಒಂದನ್ನು ಹಾಕಿಟ್ಟರೆ ಉಳಿದವರ ಮೊದಲ ಕೆಲಸ ಅದನ್ನು ಕಿತ್ತು ಹಾಕುವುದಾಗುತ್ತದೆ.

ಹೊಸ ಪ್ರಾಜೆಕ್ಟ್ ಹುಟ್ಟಿಸುವುದು ಕಾಪಿಯರ್‌ ಎಂಬ ಟೂಲಿನಿಂದ. ಹುಟ್ಟಿಸುವಾಗ ಕೊಟ್ಟ ಉತ್ತರಗಳನ್ನು ಅದು ಪ್ರಾಜೆಕ್ಟಿನೊಳಗೇ ಒಂದು ಫೈಲಿನಲ್ಲಿ ಇಡುತ್ತದೆ. ಮುಂದೆ ಟೆಂಪ್ಲೇಟಿನಲ್ಲಿ ಏನಾದರೂ ಸರಿಮಾಡಿ ಗಿಟ್ ಟ್ಯಾಗ್ (ಆವೃತ್ತಿಯ ಗುರುತು) ಹಾಕಿದರೆ, ಹಳೆ ಪ್ರಾಜೆಕ್ಟುಗಳಲ್ಲಿ ಅಪ್‌ಡೇಟ್ ಕೊಟ್ಟು ಅದನ್ನು ಎಳೆದುಕೊಳ್ಳಬಹುದು. ಇದು ಸಲೀಸಾಗಿ ನಡೆಯಬೇಕಾದರೆ ಟೆಂಪ್ಲೇಟಿನ ಫೈಲುಗಳನ್ನು ಪ್ರಾಜೆಕ್ಟಿನವರು ಜಾಸ್ತಿ ಮುಟ್ಟಬಾರದು. ಅದಕ್ಕೆ 'ಕೋರ್' ಫೋಲ್ಡರ್ ಟೆಂಪ್ಲೇಟಿನದು, 'ಫೀಚರ್ಸ್' ಫೋಲ್ಡರ್ ಪ್ರಾಜೆಕ್ಟಿನದು. ಕೋರ್‌ನಲ್ಲಿ ಏನಾದರೂ ಬದಲಾಗಬೇಕು ಅನ್ನಿಸಿದರೆ, ಮೊದಲು ಟೆಂಪ್ಲೇಟಿಗೆ ಪುಲ್ ರಿಕ್ವೆಸ್ಟ್ (ಬದಲಾವಣೆಯ ಪ್ರಸ್ತಾಪ) ಕಳಿಸಿ ಅಂತ ಕೇಳುತ್ತೇನೆ.