ತೋಟದ ಗುಂಡಿಯಲ್ಲಿ ಕೆತ್ತನೆ ಕಲ್ಲು ಸಿಕ್ಕಿತೇ? ಗುರುತಿಸುವುದು, ಕಾಲ ಅಂದಾಜು ಮಾಡುವುದು ಹೀಗೆ

ಕಾಫಿ ಗಿಡಕ್ಕೆ ಗುಂಡಿ ತೆಗೆಯುವಾಗ, ಕೆರೆಯ ಹೂಳೆತ್ತುವಾಗ, ಜೆಸಿಬಿ ತೋಟದ ದಾರಿ ಕಡಿಯುವಾಗ ಹಳೆಯ ಕಲ್ಲುಗಳು ಮೇಲೆ ಬರುವುದು ಕೊಡಗಿನಲ್ಲಿ ಹೊಸದಲ್ಲ. ಮಳೆಗಾಲದಲ್ಲಿ ಬರೆ (ಗುಡ್ಡದ ಇಳಿಜಾರಿನ ಮಣ್ಣು) ಜಾರಿದಾಗಲೂ ಬರುತ್ತವೆ. "ಅಣ್ಣಾ, ಕಲ್ಲಲ್ಲಿ ಯಾರದೋ ಕಾಲು ಕಾಣ್ತಿದೆ" ಎಂದು ಕೆಲಸದವರು ಕೂಗುತ್ತಾರೆ. ಆಮೇಲೆ ನಡೆಯುವುದು ಎಲ್ಲ ಕಡೆಯೂ ಒಂದೇ. ಹಾರೆ ಹಾಕಿ ಕಲ್ಲನ್ನು ಮೀಟುತ್ತಾರೆ. ಪೈಪಿನಲ್ಲಿ ನೀರು ಬಿಟ್ಟು ತಿಕ್ಕುತ್ತಾರೆ. ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುತ್ತದೆ. ಸಂಜೆಯೊಳಗೆ ಯಾರೋ ಒಬ್ಬರು "ಹೊಯ್ಸಳರದ್ದು" ಎಂದು ತೀರ್ಪು ಕೊಟ್ಟಿರುತ್ತಾರೆ.

ಹಳೆಯ ಕಲ್ಲು ಕಂಡರೆ ಸಾಕು, ನಮಗೆಲ್ಲ ಮೊದಲು ನೆನಪಾಗುವುದು ಬೇಲೂರು–ಹಳೇಬೀಡು. ಆದರೆ ಈ ನೆಲದಲ್ಲಿ ಗಂಗರು ಆಳಿದ್ದಾರೆ, ಉತ್ತರದಲ್ಲಿ ಕೊಂಗಾಳ್ವರು, ಪೂರ್ವದಲ್ಲಿ ಚಂಗಾಳ್ವರು ಇದ್ದರು, ಕೊನೆಗೆ 1834ರವರೆಗೆ ಹಾಲೇರಿ ಅರಸರು. ಹಾಗಾಗಿ ಹೆಸರಿಡುವ ಅವಸರ ಬೇಡ. ಕಾಲ ಹೇಳಬಲ್ಲ ಅರ್ಧ ಸಾಕ್ಷಿ ಕಲ್ಲಿನ ಮೇಲಲ್ಲ, ಅದು ಬಿದ್ದಿದ್ದ ಮಣ್ಣಿನಲ್ಲಿರುತ್ತದೆ. ತೊಳೆಯುವ ಮೊದಲು ಅದನ್ನು ಉಳಿಸಿಕೊಳ್ಳಬೇಕು.

ಮೊದಲು ಕೆಲಸ ನಿಲ್ಲಿಸಿ

ಕಲ್ಲನ್ನು ಲ್ಯಾಬಿಗೆ ಕಳಿಸಿದರೆ ವಯಸ್ಸು ಗೊತ್ತಾಗುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಹಾಗೇನೂ ಇಲ್ಲ. ಲ್ಯಾಬಿನವರು ಬಂಡೆ ಹುಟ್ಟಿದ ಕಾಲ ಹೇಳಬಹುದು, ಅದು ಕೋಟಿಗಟ್ಟಲೆ ವರ್ಷದ ಲೆಕ್ಕ. ಅದರ ಮೇಲೆ ಉಳಿ ಬಿದ್ದದ್ದು ಯಾವಾಗ ಎನ್ನುವುದು ಅದರಿಂದ ತಿಳಿಯುವುದಿಲ್ಲ. ಕಾರ್ಬನ್ ಪರೀಕ್ಷೆ ನಡೆಯುವುದು ಇದ್ದಿಲು, ಮೂಳೆ, ಮರದಂಥ ವಸ್ತುಗಳಿಗೆ. ಸುಟ್ಟ ಮಡಕೆ ಚೂರಿಗೆ ಬೇರೆ ಪರೀಕ್ಷೆ ಇದೆ. ಇವೆಲ್ಲ ಇರುವುದು ಸುತ್ತಲಿನ ಮಣ್ಣಿನಲ್ಲಿ. ಮೂರು ಬಾರಿ ಗುದ್ದಲಿ ಹಾಕಿದರೆ ಎಲ್ಲ ಕಲಸಿಹೋಗುತ್ತದೆ.

ಒಂದು ಉದಾಹರಣೆ ನೋಡಿ. ಕಲ್ಲಿನ ಕೆಳಗೆ ಮಂಗಳೂರು ಹೆಂಚಿನ ಚೂರು ಸಿಕ್ಕಿತು ಎಂದಿಟ್ಟುಕೊಳ್ಳಿ. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅಂದರೆ ಕಲ್ಲು ಆ ಜಾಗಕ್ಕೆ ಬಂದು ಬಿದ್ದದ್ದು ಅದಾದ ಮೇಲೆ. ಕೆತ್ತನೆ ಸಾವಿರ ವರ್ಷದ್ದೇ ಇರಬಹುದು, ಆದರೆ ದೇವಸ್ಥಾನ ಅಲ್ಲೇ ಇತ್ತು ಎಂದು ಹೇಳಲು ಆಗುವುದಿಲ್ಲ. ಯಾರೋ ಎಲ್ಲಿಂದಲೋ ತಂದು ಕಟ್ಟೆಗೆ ಹಾಕಿರಬಹುದು. ಅದೇ ಕೆಳಗೆ ಒಳಗೆ ಕಪ್ಪು, ಹೊರಗೆ ಕೆಂಪು ಇರುವ ಮಡಕೆ ಚೂರುಗಳು ಸಿಕ್ಕರೆ ಕಥೆ ಬೇರೆ. ಅಲ್ಲಿ ನಮ್ಮ ಜನ 'ಪಾಂಡವರ ಮನೆ' ಎನ್ನುವ ಬೃಹತ್ ಶಿಲಾಯುಗದ ಸಮಾಧಿಗಳ ಕಾಲದ ನೆಲೆ ಇರಬಹುದು.

ಹಾಗಾಗಿ ಕಲ್ಲು ಇದ್ದ ಹಾಗೇ ಇರಲಿ. ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ ಫೋಟೊ ತೆಗೆಯಿರಿ. ಪಕ್ಕದಲ್ಲಿ ಅಳತೆಪಟ್ಟಿ ಇಡಿ, ಇಲ್ಲದಿದ್ದರೆ ಹತ್ತು ರೂಪಾಯಿ ನಾಣ್ಯ ಸಾಕು. ಅದರ ಅಗಲ 27 ಮಿಲಿಮೀಟರ್. ಎಷ್ಟು ಆಳ, ಯಾವ ದಿಕ್ಕು, ಕೆತ್ತನೆಯ ಮುಖ ಮೇಲಿತ್ತೋ ಕೆಳಗಿತ್ತೋ, ಪಹಣಿಯ ಸರ್ವೆ ನಂಬರ್ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಫೋನಿನ ಲೊಕೇಶನ್ ಆನ್ ಇರಲಿ. ಮುಖ ಕೆಳಗಾಗಿದ್ದರೆ ಯಾರೋ ಅದನ್ನು ತೋಡಿಗೆ ಸಂಕವಾಗಿಯೋ (ದಾಟುವ ಕಿರುಸೇತುವೆ) ಮೆಟ್ಟಿಲಾಗಿಯೋ ಬಳಸಿರುವ ಸಾಧ್ಯತೆ ಜಾಸ್ತಿ. ಎಷ್ಟೋ ವೀರಗಲ್ಲುಗಳ ಗತಿ ಇದೇ.

ಕೆತ್ತನೆಯೇ ಹೌದಾ?

ಒರಳು, ಬೀಸುವ ಕಲ್ಲು, ಗಡಿಕಲ್ಲು ಬೇಗ ಗೊತ್ತಾಗುತ್ತವೆ. ಗೊಂದಲ ಆಗುವುದು ಗಾಣದ ಕಲ್ಲಿಗೂ ಲಿಂಗ ಕೂರುವ ಪಾಣಿಪೀಠಕ್ಕೂ. ಎರಡಕ್ಕೂ ನಡುವೆ ಕುಳಿ, ಎರಡಕ್ಕೂ ಒಂದು ಬಾಯಿ ಇರಬಹುದು. ಕುಳಿಯೊಳಗೆ ಕೈಯಾಡಿಸಿ. ಗಾಣದಲ್ಲಿ ಒನಕೆ ತಿರುಗಿ ತಿರುಗಿ ಒಳಗೋಡೆ ಕನ್ನಡಿಯಷ್ಟು ನುಣುಪಾಗಿರುತ್ತದೆ. ಪಾಣಿಪೀಠದ ಕುಳಿ ಲಿಂಗ ಕೂರಿಸಲು ಮಾಡಿದ್ದು, ಅಲ್ಲಿ ಉಳಿಯ ಗುರುತು ಒರಟಾಗಿ ಉಳಿದಿರುತ್ತದೆ. ಅರ್ಧಚಂದ್ರದ ಹಾಗೆ ಒಂದೇ ಸಮನೆ ಓಡುವ ಗೀರುಗಳಿದ್ದರೆ ಅದು ಗ್ರೈಂಡರ್ ಕೆಲಸ. ಹೊಸದು, ಬಿಟ್ಟುಬಿಡಿ.

ಇನ್ನು ಮುರಿದ ಭಾಗ. ಕೆತ್ತನೆಯ ಮೈ ಮತ್ತು ಮುರಿದ ಮೈ ಎರಡರ ಬಣ್ಣವೂ ಒಂದೇ ತರ ಮಾಸಿದ್ದರೆ ಮುರಿದು ಬಹಳ ಕಾಲವಾಗಿದೆ. ಮುರಿದ ಕಡೆ ಮಾತ್ರ ಬೆಳ್ಳಗೆ ಹೊಳೆಯುತ್ತಿದ್ದರೆ ಜೆಸಿಬಿಯ ಬಕೆಟ್ ಈಗತಾನೇ ಮುರಿದದ್ದು. ಉಳಿದ ತುಂಡು ಅದೇ ಮಣ್ಣಿನ ರಾಶಿಯಲ್ಲಿರುತ್ತದೆ, ಲೋಡು ಹೊರಗೆ ಹೋಗುವ ಮೊದಲು ಹುಡುಕಿ.

ಶುಚಿ ಮಾಡುವುದು ಎಷ್ಟು ಬೇಕೋ ಅಷ್ಟೇ

ಮೆತ್ತನೆ ಬ್ರಷ್, ಬರೀ ನೀರು. ಇಷ್ಟೇ. ತಂತಿ ಬ್ರಷ್, ಆ್ಯಸಿಡ್, ಸೋಪಿನ ಪುಡಿ ಬೇಡ. ನಮ್ಮ ಮಳೆಗೆ ಕಲ್ಲಿನ ಮೇಲೆ ಪಾಚಿ, ಕಲ್ಲುಹೂವು ಗಟ್ಟಿಯಾಗಿ ಕೂತಿರುತ್ತದೆ. ಕೆರೆದರೆ ಅದರ ಜೊತೆ ಕೆತ್ತನೆಯ ತೆಳು ಪದರವೂ ಎದ್ದು ಬರುತ್ತದೆ. ಅಕ್ಷರ ಕಾಣಲಿ ಎಂದು ಸುಣ್ಣ, ಸೀಮೆಸುಣ್ಣ, ಹಿಟ್ಟು ಸವರುವವರಿದ್ದಾರೆ. ಬೇಡವೇ ಬೇಡ. ಎಣ್ಣೆಯೂ ಬೇಡ.

ಬದಲಿಗೆ ಬೆಳಕನ್ನು ಉಪಯೋಗಿಸಿ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮೈಗೆ ತಾಗಿದ ಹಾಗೆ ಅಡ್ಡಲಾಗಿ ಹಿಡಿಯಿರಿ. ಮಧ್ಯಾಹ್ನ ಸಪಾಟಾಗಿ ಕಾಣುತ್ತಿದ್ದ ಕಲ್ಲಿನ ಮೇಲೆ ಗೀರು, ಮಡಿಕೆ, ಅಕ್ಷರ ಎಲ್ಲ ನೆರಳು ಬಿಟ್ಟು ಎದ್ದು ನಿಲ್ಲುತ್ತವೆ. ನಾಲ್ಕೂ ಬದಿಯಿಂದ ಹಿಡಿದು ಒಂದೊಂದು ಫೋಟೊ ತೆಗೆಯಿರಿ. ಒಂದು ಬದಿಯ ಬೆಳಕಿಗೆ ಕಾಣದ ಅಕ್ಷರ ಇನ್ನೊಂದು ಬದಿಯ ಬೆಳಕಿಗೆ ಕಾಣುತ್ತದೆ.

ಚೂರಿನಿಂದ ಇಡೀ ಮೂರ್ತಿಯನ್ನು ಊಹಿಸುವುದು

ತಲೆ ಇಲ್ಲ, ಮೊಣಕಾಲಿನ ಕೆಳಗೆ ಇಲ್ಲ, ನಡುವಿನ ಎರಡಡಿ ಮಾತ್ರ ಸಿಕ್ಕಿದೆ. ಏನು ನೋಡಬೇಕು? ಕೈಗಳನ್ನು ನೋಡಿ. ಎರಡೂ ಕೈ ನೇರ ಕೆಳಗೆ ಇಳಿಬಿದ್ದು, ಮೈಗೂ ಕೈಗೂ ನಡುವೆ ಸಂದು ಬಿಟ್ಟಿದ್ದು, ಸೊಂಟದಲ್ಲಿ ಬಟ್ಟೆಯ ಗೆರೆಯಾಗಲಿ ಕೊರಳಲ್ಲಿ ಸರವಾಗಲಿ ಇಲ್ಲದಿದ್ದರೆ ಅದು ಜೈನ ತೀರ್ಥಂಕರ. ಬೆನ್ನ ಹಿಂದೆ ಹಾವಿನ ಸುರುಳಿ ಇಳಿದಿದ್ದರೆ ಪಾರ್ಶ್ವನಾಥ ಅಥವಾ ಸುಪಾರ್ಶ್ವನಾಥ. ಹೆಡೆ ಸಿಕ್ಕರೆ ಎಣಿಸಬಹುದು: ಸಾಮಾನ್ಯವಾಗಿ ಏಳಿದ್ದರೆ ಪಾರ್ಶ್ವ, ಐದಿದ್ದರೆ ಸುಪಾರ್ಶ್ವ. ತಲೆಯ ಭಾಗ ಮಾತ್ರ ಸಿಕ್ಕಿದ್ದರೆ ಮೇಲೆ ಮುಕ್ಕೊಡೆ, ಅಂದರೆ ಒಂದರ ಮೇಲೊಂದು ಮೂರು ಕೊಡೆ, ಇದೆಯಾ ನೋಡಿ. ಇದನ್ನು ನಾಗರಕಲ್ಲು ಎಂದುಕೊಂಡು ಬನದಲ್ಲಿ ನಿಲ್ಲಿಸಿಬಿಡುವುದು ಸುಲಭ.

ಕಾಲ ಹೇಗೆ? ಗಂಗರು ಜೈನರಿಗೆ ಆಸರೆ ಕೊಟ್ಟವರು. ಕೊಂಗಾಳ್ವರೂ ಹಾಗೇ, ಶನಿವಾರಸಂತೆ ಬಳಿಯ ಮುಳ್ಳೂರಿನ ಬಸದಿಗಳು 11ನೇ ಶತಮಾನದವು, 1058ರ ಶಾಸನ ಅಲ್ಲಿದೆ. ಚಂಗಾಳ್ವರೂ ಮೊದಲು ಜೈನರು, ಆಮೇಲೆ ಶೈವರಾದರು. ಹಾಗಾಗಿ ಕೊಡಗಿನಲ್ಲಿ ಸಿಗುವ ಜೈನ ಚೂರಿಗೆ 9ರಿಂದ 12ನೇ ಶತಮಾನ ಎಂಬ ಅಂದಾಜಿನಿಂದ ಶುರು ಮಾಡಬಹುದು. ಇದು ಶುರು ಮಾತ್ರ, ಕೊನೆಯಲ್ಲ.

ವೀರಗಲ್ಲಿನ ಚೂರು ಇನ್ನೂ ಮಜಾ. ಪೂರ್ತಿ ಕಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಅಂತಸ್ತು: ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಜೈನ ವೀರನಾದರೆ ಲಿಂಗದ ಜಾಗದಲ್ಲಿ ಜಿನ. ಕುದುರೆಯ ಗೊರಸು, ಬಿಲ್ಲಿನ ತುದಿ, ದನದ ಕೊಂಬು ಕಂಡರೆ ನಿಮ್ಮ ಕೈಲಿರುವುದು ಕೆಳಗಿನ ಅಂತಸ್ತು. ದನಗಳಿದ್ದರೆ ಅದು ತುರು ಕಾಯಲು ಹೋಗಿ ಸತ್ತವನ ಕಲ್ಲು. ಸೂರ್ಯ–ಚಂದ್ರ ಇದ್ದರೆ ತುದಿ. ಅಂತಸ್ತುಗಳ ನಡುವಿನ ಪಟ್ಟಿಯನ್ನು ಬೆರಳಾಡಿಸಿ ನೋಡಿ, ಬರಹ ಇದ್ದರೆ ಹೆಚ್ಚಾಗಿ ಅಲ್ಲೇ ಇರುತ್ತದೆ. ವೀರನ ಕೈಯಲ್ಲಿ ಕೋವಿ ಇದೆಯೇ? ಹಾಗಿದ್ದರೆ ಗಂಗ, ಹೊಯ್ಸಳ ಎಲ್ಲ ಮರೆತುಬಿಡಿ, 16ನೇ ಶತಮಾನಕ್ಕಿಂತ ಹಿಂದೆ ಹೋಗುವ ಹಾಗಿಲ್ಲ. ಬಳೆ ತೊಟ್ಟ ಒಂದು ಕೈ ಮಾತ್ರ ಕಂಬದಿಂದ ಮೇಲೆದ್ದಿದ್ದರೆ ಮಾಸ್ತಿಕಲ್ಲು, ಗಂಡನ ಚಿತೆಯೇರಿದ ಹೆಂಗಸಿನ ನೆನಪಿನ ಕಲ್ಲು.

ವಿಷ್ಣುವಿನ ಕೈ ಚೂರು ಸಿಕ್ಕರೆ ಚಕ್ರ ಹಿಡಿದ ರೀತಿ ನೋಡಿ. ತಮಿಳು ಶಿಲ್ಪಗಳಲ್ಲಿ ಇದು ಒಳ್ಳೆಯ ಗುರುತು. ಹಳೆಯ ಕಾಲದಲ್ಲಿ ಚಕ್ರದ ಅಂಚು ನಮ್ಮ ಕಡೆ ತಿರುಗಿರುತ್ತದೆ, ಈಗಲೇ ಎಸೆಯುವ ಹಾಗೆ. ಮುಂದೆ ಬರುತ್ತಾ ಬೆರಳ ನಡುವೆ ನೆಟ್ಟಗೆ ನಿಲ್ಲುತ್ತದೆ, ಸುತ್ತ ಬೆಂಕಿಯ ನಾಲಿಗೆ ಸೇರಿಕೊಳ್ಳುತ್ತದೆ. ಚೋಳರ ನೆರಳು ಕೊಡಗಿನ ಮೇಲೂ ಬಿದ್ದಿತ್ತು. ಕೊಂಗಾಳ್ವ ಎಂಬ ಬಿರುದು ಕೊಟ್ಟದ್ದೇ ಅವರು.

ಹೊಯ್ಸಳ ಎನ್ನಲು ಏನಿರಬೇಕು? ಮೊದಲು ಕಲ್ಲು. ಹಳೆಯ ಮುರುಕಿನಲ್ಲಿ ಬೂದು–ಹಸಿರು ಬಣ್ಣ, ಕಾಳುಕಾಳಾಗಿ ಮಿನುಗದ ನಯವಾದ ಮೈ ಇದ್ದರೆ ಬಳಪದ ಕಲ್ಲು. ಒಡವೆಯ ಹಿಂದೆ ಕೂಡ ಉಳಿ ಹೋಗಿ, ಸರದ ಮಣಿ ಮೈಯಿಂದ ಬಿಡಿಸಿಕೊಂಡು ನಿಂತಿರಬೇಕು. ಕಾಳು ಮಿನುಗುವ ಗಟ್ಟಿ ಕಲ್ಲಿನಲ್ಲಿ, ದುಂಡಗಿನ ಮೈ, ಕಡಿಮೆ ಒಡವೆ ಇದ್ದರೆ ಮೊದಲು ಗಂಗರನ್ನು ನೆನೆಯಿರಿ. ಸುಮ್ನೆ 'ಹೊಯ್ಸಳ' ಎನ್ನುವುದಕ್ಕಿಂತ 'ಗಟ್ಟಿ ಕಲ್ಲು, ಜೈನ, 9–12ನೇ ಶತಮಾನ ಇರಬಹುದು' ಎನ್ನುವುದು ಎಷ್ಟೋ ವಾಸಿ.

ಅಕ್ಷರ ಇದ್ದರೆ

ನಾಲ್ಕೇ ಅಕ್ಷರವಿದ್ದರೂ ಬೇರೆ ಎಲ್ಲ ಗುರುತಿಗಿಂತ ಅದಕ್ಕೆ ತೂಕ ಜಾಸ್ತಿ. ಓದಲು ಬಾರದಿದ್ದರೆ ಪರವಾಗಿಲ್ಲ, ಲಿಪಿ ತಜ್ಞರು ಅಕ್ಷರದ ಆಕಾರದಿಂದಲೇ ಶತಮಾನ ಹೇಳುತ್ತಾರೆ. ಕನ್ನಡದ ಹಾಗೆ ಕಾಣಲಿಲ್ಲವೆಂದು ಕೈಬಿಡಬೇಡಿ. ಭಾಗಮಂಡಲ, ಪಾಲೂರಿನ ಶಾಸನಗಳಲ್ಲಿ ಬೇರೆ ಲಿಪಿಗಳೂ ಇವೆ.

ಶಕವರ್ಷ ಸಿಕ್ಕರೆ 78 ಕೂಡಿಸಿ, ಇಸವಿ ಬರುತ್ತದೆ. ಕಲಿವರ್ಷ ಸಿಕ್ಕರೆ 3101 ಕಳೆಯಿರಿ. ಆದರೆ ತಿಂಗಳನ್ನೂ ನೋಡಬೇಕು. ಪೆಗ್ಗೂರಿನ ಗಂಗರ ಶಾಸನ ಶಕ 899ರದ್ದು. ಕೂಡಿಸಿದರೆ 977 ಬರುತ್ತದೆ. ಪುಸ್ತಕಗಳು 978 ಎನ್ನುತ್ತವೆ, ಏಕೆಂದರೆ ತಿಂಗಳು ಫಾಲ್ಗುಣ. ಶಕವರ್ಷ ಯುಗಾದಿಗೆ ಶುರುವಾಗುತ್ತದೆ, ಫಾಲ್ಗುಣ ಬರುವ ಹೊತ್ತಿಗೆ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ. ಬಿಳಿಯೂರಿನ ಶಾಸನವೂ ಹೀಗೇ: ಶಕ 809, ಇಸವಿ 888. ಸಂವತ್ಸರದ ಹೆಸರು ಮಾತ್ರ ಇದ್ದರೆ ಕಷ್ಟ. ಅದು 60 ವರ್ಷಕ್ಕೊಮ್ಮೆ ಮತ್ತೆ ಬರುತ್ತದೆ.

ನಿಮ್ಮ ಓದನ್ನು ಹೋಲಿಸಿ ನೋಡಲು ಬಿ.ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಗ್ರಹ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಮೊದಲ ಸಂಪುಟ ಪೂರ್ತಿ ಕೊಡಗಿನದ್ದೇ. ಮೊದಲು ಬಂದದ್ದು 1886ರಲ್ಲಿ, ತಿದ್ದಿದ ಮುದ್ರಣ 1914ರಲ್ಲಿ. ನಿಮ್ಮೂರಿನ ಕಲ್ಲು ಆಗಲೇ ಅದರಲ್ಲಿ ಇದ್ದು, ನಡುವೆ ಮಣ್ಣು ಸೇರಿದ್ದೂ ಇರಬಹುದು.

ಯಾರಿಗೆ ಹೇಳಬೇಕು

ನೆಲದಲ್ಲಿ ಸಿಕ್ಕ ಬೆಲೆಬಾಳುವ ಹಳೆಯ ವಸ್ತುವಿನ ವಿಷಯವನ್ನು ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ನಿಧಿ ಕಾಯ್ದೆ ಹೇಳುವುದು ಅದನ್ನೇ, ಮುಚ್ಚಿಟ್ಟರೆ ಶಿಕ್ಷೆ ಇದೆ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ ಪುರಾತನ ವಸ್ತು. ಪರವಾನಗಿ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ, ದೇಶದ ಹೊರಗೆ ಕಳಿಸುವಂತಿಲ್ಲ. ಅರ್ಜಿಯ ಜೊತೆ ನೀವು ತೆಗೆದ ಫೋಟೊ, ಬರೆದ ಹಾಳೆಯ ಒಂದು ಪ್ರತಿ ಇಡಿ. ಇನ್ನೊಂದು ಪ್ರತಿ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಹೋಗಲಿ. ಅದರ ಕೇಂದ್ರ ಕಚೇರಿ ಮೈಸೂರಿನಲ್ಲಿದೆ. "ಹೇಳಿದರೆ ತೋಟವೇ ಹೋಗುತ್ತದೆ" ಎಂಬ ಹೆದರಿಕೆ ನಮ್ಮಲ್ಲಿ ಬಲವಾಗಿದೆ, ಅಲ್ವಾ? ಒಂದು ಬಿಡಿ ಚೂರಿಗಾಗಿ ಯಾರೂ ತೋಟ ಕಿತ್ತುಕೊಳ್ಳುವುದಿಲ್ಲ.

ದೇವರಕಾಡು, ಕೈಮಡ (ಕೊಡವ ಮನೆತನದ ಹಿರಿಯರ ಗುಡಿ), ನಾಗಬನದ ವಿಷಯ ಬೇರೆ. ಅಲ್ಲಿರುವ ಕಲ್ಲು ಎಷ್ಟೇ ಮುರಿದಿರಲಿ, ಅದಕ್ಕೆ ನಡೆದುಕೊಳ್ಳುವವರು ಇರುತ್ತಾರೆ. ಅಯ್ಯಪ್ಪನ ಕಾಡಿನಲ್ಲಿ ಹರಕೆಯ ಮಣ್ಣಿನ ನಾಯಿಗಳು ಅರ್ಧ ಹುಗಿದುಕೊಂಡು ಬಿದ್ದಿರುತ್ತವೆ; ಅವು ಕಳೆದ ವರ್ಷದವೂ ಇರಬಹುದು, ಅಜ್ಜನ ಕಾಲದವೂ ಇರಬಹುದು. ಒಕ್ಕದ (ಮನೆತನದ) ಹಿರಿಯರನ್ನೋ ದೇವಸ್ಥಾನದ ಮುಖ್ಯಸ್ಥರಾದ ದೇವತಕ್ಕರನ್ನೋ ಕೇಳದೆ ಏನನ್ನೂ ಅಲುಗಿಸಬೇಡಿ. ಆ ಕಲ್ಲಿನ ಬಗ್ಗೆ ಅವರ ಬಾಯಲ್ಲಿ ಬರುವ ಕಥೆಯನ್ನೂ ಅದೇ ಹಾಳೆಯಲ್ಲಿ ಬರೆದುಕೊಳ್ಳಿ.

ಇಲಾಖೆಯವರು ನೋಡಿ, ಸದ್ಯಕ್ಕೆ ಅಲ್ಲೇ ಇರಲಿ ಎಂದರೆ ಸಿಮೆಂಟು ಹಾಕಿ ಕಟ್ಟೆ ಕಟ್ಟಲು ಹೋಗಬೇಡಿ. ಸಿಮೆಂಟಿನ ಉಪ್ಪು ಕಲ್ಲಿಗೆ ಇಳಿದು ಮೈ ಪುಡಿಯಾಗುತ್ತದೆ. ಕೆಳಗೆ ಜಲ್ಲಿ ಹಾಸಿ ನೀರು ನಿಲ್ಲದ ಹಾಗೆ ಮಾಡಿ, ಮೇಲೊಂದು ತಗಡಿನ ಮಾಡು ಸಾಕು. ತಗಡು ಕಲ್ಲಿಗೆ ತಾಗದಂತೆ ಎತ್ತರದಲ್ಲಿರಲಿ. ಇಲ್ಲದಿದ್ದರೆ ಮೊದಲ ಮಳೆಗೇ ತುಕ್ಕಿನ ನೀರು ಮೂರ್ತಿಯ ಮೈಮೇಲೆ ಇಳಿಯುತ್ತದೆ.