ಅಪೀಲಿನಲ್ಲಿ ಮಾವನ ಎಂಆರ್‌ಐ ರಿಪೋರ್ಟ್ ಸೇರಿಸಿದ್ದು ಹೇಗೆ

ಹೊಡೆದಾಟದ ಕೇಸಿನಲ್ಲಿ ಕೊಪ್ಪಳದ ಸೆಷನ್ಸ್ ಕೋರ್ಟ್ ನಮ್ಮ ಸೋದರಮಾವನಿಗೆ ಶಿಕ್ಷೆ ಕೊಟ್ಟಿತ್ತು. ತಲೆಯಲ್ಲಿ ಗಡ್ಡೆ ಇರುವುದು ಗೊತ್ತಾಗಿದ್ದು ಜೈಲಿಗೆ ಹೋದ ಮೇಲೆ. ಅಷ್ಟರಲ್ಲಿ ಹೈಕೋರ್ಟಿನ ಧಾರವಾಡ ಪೀಠಕ್ಕೆ ಅಪೀಲು ಹಾಕಿದ್ದೆವು.

ರಿಪೋರ್ಟನ್ನು ಸುಮ್ನೆ ಫೈಲಿಗೆ ಪಿನ್ ಮಾಡಿದರೆ ಸಾಕ್ಷ್ಯ ಆಗಲ್ಲ. ಅಪೀಲಿನಲ್ಲಿ ಹೊಸ ಸಾಕ್ಷ್ಯ ಸೇರಿಸೋಕೆ ಬಿಎನ್‌ಎಸ್‌ಎಸ್ (ಈಗಿನ ಕ್ರಿಮಿನಲ್ ಪ್ರಕ್ರಿಯಾ ಕಾನೂನು) 432ನೇ ಕಲಂ, ಅಂದ್ರೆ ಹಳೇ ಸಿಆರ್‌ಪಿಸಿ 391ರ ಕೆಳಗೆ ಬೇರೆ ಅರ್ಜಿ ಬೇಕು. ಮೊದಲೇ ಯಾಕೆ ತರಲಿಲ್ಲ ಅಂತ ಕೇಳೇ ಕೇಳ್ತಾರೆ. ಉತ್ತರ ಸ್ಕ್ಯಾನ್ ಫಿಲಂನ ಮೂಲೆಯಲ್ಲೇ ಇತ್ತು: ತೀರ್ಪಿನ ನಂತರದ ತಾರೀಕು.

ಆದರೆ ಗಲಾಟೆ ದಿನವೂ ಗಡ್ಡೆ ಇತ್ತಾ? ಅದನ್ನು ಹೇಳಬೇಕಾದವರು ನರರೋಗ ತಜ್ಞರು, ನಾವಲ್ಲ. ಅವರಿಂದ ಲಿಖಿತ ಅಭಿಪ್ರಾಯ ಪಡೆದು, ಸಾಕ್ಷಿ ಹೇಳಲೂ ಒಪ್ಪಿಸಿದ ಮೇಲೆ ಅರ್ಜಿ ಮಂಜೂರಾಯಿತು. ಅವರ ಹೇಳಿಕೆಯನ್ನು ಸೆಷನ್ಸ್ ಕೋರ್ಟಿನಲ್ಲೇ ದಾಖಲಿಸಿಕೊಂಡರು.

ಕೊನೆಗೆ ಶಿಕ್ಷೆಯ ಅವಧಿ ಕಡಿಮೆಯಾಯಿತು. ಖುಲಾಸೆ ಆಗಲಿಲ್ಲ, ನಾವು ಅದನ್ನು ಕೇಳಿಯೂ ಇರಲಿಲ್ಲ.